ನಾಲ್ಕು ಗಂಟೆ ಹನ್ನೆರಡು ನಿಮಿಷ

ನಮೂನೆಯ ಮೂರನೆಯ ಹಾಳೆಯಲ್ಲಿ
ಉಗುರಗಲದ ಎರಡು ಚೌಕ.
ಎಂದಾದರೂ ಎದೆ ಡವಗುಟ್ಟಿ ಎಚ್ಚರ ತಪ್ಪಿದ್ದುಂಟೇ?
ಹೌದು. ಇಲ್ಲ.

ಸಾರ್ಜೆಂಟ್ ಡೊಬ್ರಾನ್ಸ್ಕಿ ಕಾಫಿ ಲೋಟ ತಿರುಗಿಸುತ್ತ
ಹೊರಗೆ ಹಿಮ ತಳ್ಳುವ ಲಾರಿಯನ್ನೇ ನೋಡುತ್ತ ಅಂದ:
"ಹದಿನೈದರಲ್ಲಿ ಆದದ್ದು ಯಾರಿಗೆ ನೆನಪಿರತ್ತೆ, ಐಲಿ?
ನನಗೆ ನಿನ್ನೆ ರಾತ್ರಿಯ ಊಟ ನೆನಪಿಲ್ಲ."
ಅವನ ಬಾಗಿಲ ಮೇಲೊಂದು ಭಿತ್ತಿಪತ್ರ:
ಗುಂಡಿಗೆ ಗಟ್ಟಿಯಿರುವವರು ಬೇಕು.
ಎಷ್ಟು ಗಟ್ಟಿ ಅಂತ ಬರೆದಿಲ್ಲ.

ನನಗೆ ನೆನಪಿದೆ.
ಹಿಬ್ಬಿಂಗಿನ ಹಾಕಿ ಅಂಗಳ, ಎರಡನೆಯ ಅವಧಿ,
ನಮ್ಮದು ಮೂರು ಗೋಲು, ಅವರದೂ ಮೂರು.
ತಗಡಿನ ಮೇಲೆ ಯಾರೋ ಕಡಲೆ ಸುರಿದ ಹಾಗೆ ಎದೆಯೊಳಗೆ,
ಆಮೇಲೆ ಕೆನ್ನೆಗೆ ಐಸು.
ನಿಮಿಷಕ್ಕೆ ಇನ್ನೂರ ಇಪ್ಪತ್ತು, ಅಂದರು ಆಂಬುಲೆನ್ಸಿನಲ್ಲಿ.
ನನ್ನ ಜರ್ಸಿ ಇಪ್ಪತ್ತೆರಡು, ಒಂದು ಸೊನ್ನೆ ಹೆಚ್ಚಾಯಿತು ಅಷ್ಟೇ
ಅಂತ ನಾನು ನಕ್ಕೆನಂತೆ.
ಅದೊಂದು ನೆನಪಿಲ್ಲ.

ಹುಟ್ಟಿನಿಂದಲೇ ಒಂದು ಅಡ್ಡದಾರಿ ಇದೆ,
ಡುಲುತ್‌ನ ಡಾಕ್ಟರು ಚಿತ್ರ ಬರೆದು ತೋರಿಸಿದರು,
ಮಿಂಚು ಹೆದ್ದಾರಿ ಬಿಟ್ಟು ಆ ಸಂದಿಯಲ್ಲಿ ನುಸುಳಿ
ಹೊರಟಲ್ಲಿಗೇ ಬಂದು ಮತ್ತೆ ಹೊರಡುತ್ತದೆ.
ತೊಡೆಸಂದಿನಿಂದ ತಂತಿ ಏರಿಸಿ
ಸಾಸಿವೆಯಷ್ಟು ಜಾಗ ಸುಟ್ಟರು.
ಅಪ್ಪ ಅದಿರು ರೈಲಿನವನು, ಹಳಿಯ ಭಾಷೆ ಬಿಟ್ಟು ಬೇರೆ ಬಾರದು:
"ಯಾರ್ಡಿನಲ್ಲೂ ಹಾಗೇ ಮಗಳೇ,
ಬೇಡದ ಹಳಿ ಕಿತ್ತರೆ ಗಾಡಿ ನೆಟ್ಟಗೆ ಹೋಗತ್ತೆ."
ಏಳು ವರ್ಷ. ನೆಟ್ಟಗೇ ಹೋಗಿದೆ.

ಎದೆ ಮುಟ್ಟಿಕೊಂಡು ಹೇಳು ಅನ್ನುತ್ತಾರಲ್ಲ,
ಮುಟ್ಟಿಕೊಂಡೆ.
ಹೌದು ಚೌಕದಲ್ಲಿ ಗೀಟೆಳೆದೆ.
ಡೊಬ್ರಾನ್ಸ್ಕಿ ಉಸಿರು ಬಿಟ್ಟು ಕೆಳಗಿನ ಖಾನೆಯಿಂದ
ಬೇರೊಂದು ಫೈಲು ತೆಗೆದ, ದಪ್ಪನೆಯದು.
ವಿನಾಯಿತಿ ಅರ್ಜಿ.

ಅದು ಅಲಬಾಮಾಕ್ಕೆ ಹೋಯಿತು. ವಾಪಸು ಬಂತು.
ಸುಟ್ಟ ದಿನದ ವರದಿಯ ನಾಲ್ಕನೆಯ ಪುಟ ಮಸುಕಾಗಿದೆಯಂತೆ.
ಆ ಆಸ್ಪತ್ರೆ ಈಗ ಇನ್ನೊಂದು ಆಸ್ಪತ್ರೆಯ ಹೊಟ್ಟೆಯಲ್ಲಿದೆ,
ನನ್ನ ಹೃದಯ ನೆಲಮಾಳಿಗೆಯ ಯಾವುದೋ ಡಬ್ಬಿಯಲ್ಲಿ.
ವಿನಿಫ್ರೆಡ್ ಎಂಬಾಕೆ ಫೋನಿನಲ್ಲಿ "ಹುಡುಕುತ್ತಿದ್ದೇನೆ ಕಂದಾ" ಅನ್ನುತ್ತಾಳೆ
ಪ್ರತಿ ಮಂಗಳವಾರ.
ಮತ್ತೆ ಹೋಯಿತು. ಮತ್ತೆ ಓಡಿಸಿದರು ಪಟ್ಟಿಯ ಮೇಲೆ,
ಎಲ್ಲಿಗೂ ತಲುಪದ ಹದಿನಾಲ್ಕು ನಿಮಿಷ.

ಶನಿವಾರ ಸೌನಾದ ಕತ್ತಲಲ್ಲಿ ಮುಮ್ಮೊ,
ಅಜ್ಜಿಯನ್ನು ನಾವು ಹಾಗೇ ಕರೆಯುವುದು, ಕೇಳಿದಳು:
"ಇಲ್ಲ ಅಂದಿದ್ದರೆ ಇಷ್ಟರಲ್ಲಿ ಹಾರುತ್ತಿದ್ದೆ ಅಲ್ಲವಾ?"
"ಹೂಂ."
"ಮತ್ತೆ?"
"ಹಿಂದೆ ಹನ್ನೊಂದು ಜನ ಕೂತಿರುತ್ತಾರೆ, ಮುಮ್ಮೊ."
ಅವಳು ಬಿಸಿ ಕಲ್ಲಿನ ಮೇಲೆ ನೀರು ಹುಯ್ದಳು.
ಬಹಳ ಹೊತ್ತು ಕಲ್ಲೇ ಮಾತಾಡಿತು.

ಕೊನೆಗೆ ಎರಡು ದಿನ ಎದೆಗೆ ಯಂತ್ರ ಅಂಟಿಸಿ
ದಿನಚರಿಯ ಚೀಟಿ ಕೊಟ್ಟರು, ಮಾಡಿದ್ದೆಲ್ಲ ಬರೆಯಬೇಕು.
ಆರು ನಲವತ್ತು: ಮೆಟ್ಟಿಲ ಹಿಮ ಎತ್ತಿದೆ.
ಏಳು: ಬೇಕರಿ, ಹಿಟ್ಟಿನ ಮೂಟೆ.
ನಾಲ್ಕು ಹನ್ನೆರಡು: ನಿಂತಿದ್ದೆ.

"ನಿಂತಿದ್ದೆ ಅಂತ ಬರೆದಿದ್ದೀರಿ," ತಂತ್ರಜ್ಞ ಕನ್ನಡಕ ಏರಿಸಿದ,
"ಇಲ್ಲಿ ನೂರ ಮೂವತ್ತೆಂಟು ತೋರಿಸ್ತಿದೆ. ಏನು ಮಾಡ್ತಿದ್ರಿ?"
ಏನೂ ಇಲ್ಲ. ಬೇಕರಿಯ ಹಿಂದೆ ಕಸ ಹಾಕಲು ಹೋಗಿದ್ದೆ.
ಗಾರ್ಡಿನ ಎರಡು ಹೆಲಿಕಾಪ್ಟರು ಬಂದವು,
ಪೈನ್ ಮರಗಳ ನೆತ್ತಿ ಬಾಗುವಷ್ಟು ಕೆಳಗೆ.

ಅವನು ಗೆರೆಯುದ್ದಕ್ಕೂ ಪೆನ್ಸಿಲು ಎಳೆದ,
ಬೆಟ್ಟ ಬೆಟ್ಟವನ್ನೂ ಮುಟ್ಟಿ ನೋಡುವವನಂತೆ.
"ಎಲ್ಲ ಸರಿದಾರಿಯಲ್ಲೇ ಬಂದಿದೆ," ಅಂದ,
"ಬರೀ ಜೋರಾಗಿ."
ಅಂಚಿನಲ್ಲಿ ಏನೋ ಗೀಚಿದ. ನನಗೆ ತೋರಿಸಲಿಲ್ಲ.

ಆ ಹಾಳೆಯೂ ಅಲಬಾಮಾಕ್ಕೆ ಹೋಗಿದೆ.
ಏಪ್ರಿಲ್ ಬಂತು, ಕೆರೆಯ ಐಸು ಇನ್ನೂ ಬಿರಿದಿಲ್ಲ.
ಬೀದಿ ತಿರುವಿನಲ್ಲಿ ಟಪಾಲು ಗಾಡಿ ಗೇರು ಬದಲಿಸುತ್ತದೆ.
ಎಣಿಸಬಾರದು ಅಂದುಕೊಂಡಿದ್ದೆ,
ಎರಡು ಬೆರಳು ಆಗಲೇ ಮಣಿಕಟ್ಟಿನ ಮೇಲಿವೆ.